ಕಾಂಡ್ಲಾ ಕೊಂಬೆಗೆ ಆ ಗಂಟು ಹಾಕಿದವರು ಯಾರು?

ಒಣಗಿಸಿಟ್ಟ ಗಿಡಗಳ ಕಪಾಟಿಗೆ ಬೀಗ ಹಾಕಿ ಕೂತಿರುವ ಸಸ್ಯ ಸಂಗ್ರಹಾಲಯದ ಮುಖ್ಯಸ್ಥರೇ,

ನನ್ನ ಗಂಡನ ಸೋದರತ್ತೆ ಕೊಯ್ದು, ಒಣಗಿಸಿ, ಹಾಳೆಗೆ ಕಟ್ಟಿದ ಕೊಂಬೆಯೊಂದು ನಿಮ್ಮಲ್ಲಿ ಬೇರೊಬ್ಬರ ಹೆಸರಿನಲ್ಲಿದೆ. ಆ ಹೆಸರು ತಾನಾಗಿಯೇ ಹೋಗಿ ಅಂಟಿಕೊಂಡಿತೆಂದು ನಂಬಲು ನನಗಂತೂ ಕಷ್ಟವಾಗುತ್ತಿದೆ. ನನಗೆ ಮದುವೆಯಾಗಿ ಎರಡು ತಿಂಗಳೂ ಆಗಿಲ್ಲ. ಈಗ ನನಗೆ ಲೋಕವೆಲ್ಲ ಚಂದ ಕಾಣುತ್ತದೆ, ಕಾಪುವಿನ ಬಸ್ ನಿಲ್ದಾಣವೂ ಸೇರಿ. ಅಂಥವಳಿಗೂ ನಿಮ್ಮ ಮೇಲೆ ಸಂಶಯ ಬಂದಿದೆಯೆಂದರೆ ಸ್ವಲ್ಪ ಯೋಚಿಸಿ.

ಕಾರ್ಕಳದಲ್ಲಿ ನೀವು ಏರ್ಪಡಿಸಿದ್ದ ಪ್ರದರ್ಶನಕ್ಕೆ ಕಳೆದ ಭಾನುವಾರ ನಾನು ಮತ್ತು ಲಕ್ಷಿತ್ ಹೋಗಿದ್ದೆವು. ಹೊಸ ಜೋಡಿ ಒಣಗಿದ ಎಲೆ ನೋಡಲು ಹೋಗುತ್ತದೆಯೇ ಎಂದು ಮಣಿಪಾಲದಲ್ಲಿರುವ ನನ್ನ ಅಮ್ಮ ನಕ್ಕರು. ಲಕ್ಷಿತ್ ಜೊತೆಗಿದ್ದರೆ ನಾನು ಒಣಮೀನಿನ ಗೋದಾಮಿಗೂ ಖುಷಿಯಿಂದ ಹೋಗುವವಳು! ಅಲ್ಲಿ ಗಾಜಿನ ಹಿಂದೆ, ಉದ್ಯಾವರ ಹೊಳೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಕೊಂಬೆ ಇತ್ತು. ಸಂಗ್ರಹಿಸಿದವರು ನಿಮ್ಮ ವಿಭಾಗದ ಹಿಂದಿನ ಮುಖ್ಯಸ್ಥರು ಎಂದು ಕೆಳಗೆ ಚೀಟಿ. ನಾನು ಚೀಟಿ ನೋಡುವ ಮೊದಲೇ ಗಂಟು ನೋಡಿದ್ದೆ. ಕೊಂಬೆಯನ್ನು ಹಾಳೆಗೆ ಬಿಗಿದಿದ್ದ ಆ ಗಂಟು ನನಗೆ ಗೊತ್ತು.

ಮದುವೆಯಾದ ವಾರದಲ್ಲೇ ನಮ್ಮ ಮನೆಯ ಬಟ್ಟೆ ಒಣಹಾಕುವ ಹಗ್ಗ ತುಂಡಾಯಿತು. ಲಕ್ಷಿತ್‌ನ ಸೋದರತ್ತೆ ಸರಸ ಮಾಮಿ ಬಂದು ಚಕಚಕನೆ ಒಂದು ಗಂಟು ಹಾಕಿದರು. ಕೆಮ್ಮಣ್ಣು ಎಂಬ ಊರಿನಲ್ಲಿ ಮೀನಿನ ಬಲೆ ನೇಯುತ್ತಿದ್ದ ಅವರ ತಂದೆ ದೇಜಪ್ಪಜ್ಜ ಕಲಿಸಿದ ಗಂಟು ಅದು. ಮಾಮಿಯದು ಎಡಗೈ. ಹಾಗಾಗಿ ಅವರ ಗಂಟಿನ ಎಳೆ ಎಲ್ಲರದ್ದಕ್ಕಿಂತ ತಿರುವುಮುರುವು. ಕಲಿಯಲು ಹೋಗಿ ನಾನು ಒಂದು ಸಂಜೆಯಿಡೀ ಸೋತಿದ್ದೇನೆ. ಗಾಜಿನ ಹಿಂದೆ ಇದ್ದದ್ದೂ ಅದೇ ತಿರುವು, ಅದೂ ಬಲೆಯ ದಾರದಲ್ಲಿ. ಅಲ್ಲಿದ್ದ ನಿಮ್ಮ ಸಿಬ್ಬಂದಿಯನ್ನು ಕೇಳಿದೆ. "ಗಂಟೆಲ್ಲ ಎಂತಕ್ಕೆ ನೋಡುವುದು ಮೇಡಂ? ಗಿಡ ನೋಡಿ," ಎಂದರು. ಗಿಡವನ್ನೂ ನೋಡಿದೆ. ಹೊಸ ಚೀಟಿಯ ಅಂಚಿನಿಂದ ಇನ್ನೊಂದು ಹಳದಿ ಕಾಗದ ಇಣುಕುತ್ತಿದ್ದುದನ್ನೂ ನೋಡಿದೆ.

ಮನೆಗೆ ಬಂದು ಮಾಮಿಗೆ ಫೋಟೊ ತೋರಿಸಿದೆ. ಅದು ನಾವಿಬ್ಬರೂ ಹಲ್ಲು ಕಿರಿದುಕೊಂಡು ತೆಗೆದ ಸೆಲ್ಫಿ. ಗಂಟು ಲಕ್ಷಿತ್ ಕಿವಿಯ ಪಕ್ಕದಲ್ಲಿದೆ.

"ನಿನ್ನ ತಲೆ ಸ್ವಲ್ಪ ಆಚೆ ಇಡ್ಲಿಕ್ಕೆ ಆಗ್ಲಿಲ್ವಾ ಮಾರಾಯ?" ಎಂದು ಲಕ್ಷಿತ್‌ಗೆ ಬೈದು, ಮಾಮಿ ಚಿತ್ರವನ್ನು ದೊಡ್ಡದು ಮಾಡಿದರು. "ಇದು ನಂದೇ. ಅಪ್ಪನ ದೋಣಿಯಲ್ಲಿ ಹೋಗಿ ಕೊಯ್ದದ್ದು."

"ಮತ್ತೆ ಚೀಟಿಯಲ್ಲಿ ಆ ಸಾಹೇಬರ ಹೆಸರು ಎಂತಕ್ಕೆ ಮಾಮಿ?"

"ಅವರೂ ಬಂದಿದ್ರಲ್ಲ! ದಡದಲ್ಲಿ ಕೊಡೆ ಹಿಡಿದು ನಿಂತಿದ್ರು. ದೋಣಿ ಹತ್ತಿದ್ರೆ ವಾಂತಿ ಬರ್ತದಂತೆ."

ನಾವು ಮೂವರೂ ನಕ್ಕೆವು. ಆಮೇಲೆ ಮಾಮಿ, "ಹಾಳಾಯ್ತು ಅಂದಿದ್ರು. ಹಾಳಾಗ್ಲಿಲ್ಲ. ಅಷ್ಟು ಸಾಕು ಬಿಡು," ಎಂದರು. ಆದರೆ ಫೋನನ್ನು ಮಾತ್ರ ವಾಪಸು ಕೊಡಲಿಲ್ಲ. ಪರದೆ ಕಪ್ಪಾದ ಮೇಲೂ ಹಿಡಿದುಕೊಂಡೇ ಕೂತಿದ್ದರು.

ಅಷ್ಟು ಸಾಕೇ, ಮಾನ್ಯರೇ? ಮಾಮಿ ನಿಮ್ಮ ವಿಭಾಗದಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದವರು. ಮಳೆಗಾಲದಲ್ಲಿ ಅಂಟು ಬಿಟ್ಟು ಕೊಂಬೆಗಳು ಉದುರುತ್ತವೆಂದು ಬಲೆಯ ದಾರದಲ್ಲಿ ಕಟ್ಟುತ್ತಿದ್ದರು. "ಮೀನಿನ ವಾಸನೆಯನ್ನು ಇಲ್ಲಿಗೂ ತಂದಿರಾ?" ಎಂದು ಆ ಹಿಂದಿನ ಮುಖ್ಯಸ್ಥರು ಎಲ್ಲರೆದುರು ಗೇಲಿ ಮಾಡಿದ್ದರಂತೆ. ಕೆಲಸ ಬಿಟ್ಟ ಮೇಲೆ ತಮ್ಮ ಹಾಳೆಗಳನ್ನು ನೋಡಲು ಹೋದರೆ, ತೇವ ತಗಲಿ ಹಾಳಾದವು, ವಿಲೇವಾರಿಯಾಯಿತು ಎಂಬ ಉತ್ತರ. ಎಂಥ ಬುದ್ಧಿವಂತ ತೇವ! ನೂರಾರು ಹಾಳೆಗಳ ನಡುವೆ ಸರಸ ಎಂಬ ಹೆಸರನ್ನೇ ಓದಿ, ಹುಡುಕಿ ತಿಂದಿತೇ? ತಿಂದ ಮೇಲೆ ಸಾಹೇಬರ ಹೆಸರನ್ನು ನೀಟಾಗಿ ಟೈಪು ಮಾಡಿ ಅಂಟಿಸಿತೇ? ಗಿಡದ ಹೆಸರು ತಪ್ಪಿದ್ದರೆ ಪಕ್ಕದಲ್ಲಿ ಹೊಸ ಚೀಟಿ ಹಚ್ಚಬೇಕು, ಸಂಗ್ರಹಿಸಿದವರ ಚೀಟಿಯನ್ನು ಅವರು ಸತ್ತರೂ ಮುಚ್ಚಬಾರದು. ಇದು ನಿಮ್ಮ ಕಸುಬಿನ ಪದ್ಧತಿ. ನನಗೆ ಹೇಳಿಕೊಟ್ಟವರು ಮಾಮಿ. ನಿಮಗೆ ಯಾರೂ ಹೇಳಿಕೊಡಲಿಲ್ಲವೇ?

ಮುಂದಿನ ತಿಂಗಳು ಈ ಹಾಳೆಗಳ ಚಿತ್ರ ತೆಗೆದು ಜಗತ್ತಿಗೆಲ್ಲ ಕಾಣುವಂತೆ ಅಂತರ್ಜಾಲಕ್ಕೆ ಏರಿಸುತ್ತೀರೆಂದು ಪ್ರದರ್ಶನದ ಫಲಕದಲ್ಲಿ ಓದಿದೆ. ಆಮೇಲೆ ಆ ಕೊಂಬೆ ಎಲ್ಲ ಕಡೆಯೂ ಕೊಡೆ ಹಿಡಿದು ನಿಂತವರದ್ದೇ. ಆದ್ದರಿಂದ ಅದಕ್ಕೂ ಮುಂಚೆ ಸರಸ ಮಾಮಿಯನ್ನು ಕರೆಸಿ. ಅವರ ಎದುರಿಗೇ ಆ ಹೊಸ ಚೀಟಿಯನ್ನು ಎತ್ತಿ. ಅಡಿಯಲ್ಲಿ ಅವರ ಹೆಸರಿಲ್ಲದಿದ್ದರೆ ಇದೇ ಪತ್ರಿಕೆಯಲ್ಲಿ ನಿಮ್ಮ ಕ್ಷಮೆ ಕೇಳುತ್ತೇನೆ. ಇದ್ದರೆ, ಜಗತ್ತಿಗೆ ಕಾಣುವ ಚಿತ್ರದಲ್ಲಿ ಅದೇ ಇರಬೇಕು.

ಈ ಪತ್ರ ಓದಿದ ಮರುದಿನವೇ ಹಾಳೆಗೆ ಹುಳು ಹಿಡಿಯಿತೆಂದು ಮಾತ್ರ ಹೇಳಬೇಡಿ. ಗಂಟು ಬಿಚ್ಚುವ ಪ್ರಯತ್ನವೂ ಬೇಡ. ನಾನು ಮಾಡಿ ನೋಡಿದ್ದೇನೆ, ಅದು ಬಿಚ್ಚುವುದಿಲ್ಲ. ಕತ್ತರಿಸಬೇಕಾಗುತ್ತದೆ. ಕತ್ತರಿಸಿದರೆ ಕೊಂಬೆಯೂ ಕೆಳಗೆ ಬೀಳುತ್ತದೆ. ನಿಮ್ಮ ಸಾಹೇಬರ ಹೆಸರಿನ ಗಿಡ ಇಷ್ಟು ವರ್ಷ ಹಾಳೆಯ ಮೇಲೆ ನಿಂತಿರುವುದು ನಮ್ಮ ಮಾಮಿ ಕಟ್ಟಿದ ದಾರದಿಂದ.

ಇಂತಿ,
ಗಂಡನ ಜೊತೆಗಿನ ಚಂದದ ಫೋಟೊವನ್ನು ಚೌಕಟ್ಟು ಹಾಕಿಸುವ ಬದಲು ಸಾಕ್ಷ್ಯವಾಗಿ ಕಾದಿಟ್ಟುಕೊಳ್ಳಬೇಕಾಗಿ ಬಂದ
ಹರ್ಷಿಣಿ ಲಕ್ಷಿತ್, ಕಾಪು