ನಾನು ಆರಿಸಿದ ಮೇಣದಬತ್ತಿ

ಕಾಲೇಜು ಹಾಸ್ಟೆಲ್, ಜೆಶೂಫ್
ಮಾರ್ಚ್ 4

ಪ್ರೀತಿಯ ಅಮ್ಮ,

ನಿನ್ನ ಕಾಗದ ಸಿಕ್ಕಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಬೈಯುವುದಕ್ಕೆ ಮಾತ್ರ ಅಂಚೆಚೀಟಿ ಅಂಟಿಸುತ್ತೀಯ. ಇರಲಿ. ಬೈಗುಳದ ಕೊನೆಗೆ ‘ಹೊಟ್ಟೆ ತುಂಬ ತಿನ್ನು’ ಎಂದು ಬರೆದಿದ್ದೀಯಲ್ಲ, ಅದೊಂದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ.

ಬರುವ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಊರವರೆಲ್ಲರ ಎದುರು ಬ್ರೋನ್ಯಾ ಅತ್ತೆಯ ಕ್ಷಮೆ ಕೇಳಬೇಕು ಎಂದಿದ್ದೀಯ. ಈ ಪ್ಯಾರಾಮೆಡಿಕ್ ಓದು ಬಿಟ್ಟು ಔಷಧಿ ಅಂಗಡಿಯ ಕೆಲಸ ಕಲಿಯಬೇಕು, ಇಲ್ಲದಿದ್ದರೆ ಈಸ್ಟರ್‌ಗೆ ಮನೆಗೆ ಬರಬೇಡ ಎಂದೂ ಬರೆದಿದ್ದೀಯ. ಕ್ಷಮೆ ಕೇಳುವುದಿಲ್ಲ ಅಮ್ಮ. ಓದು ಬಿಡುವುದಿಲ್ಲ. ಈಸ್ಟರ್ ವಿಷಯ ಆಮೇಲೆ ಹೇಳುತ್ತೇನೆ.

ಊರಲ್ಲಿ ಈ ಕಥೆಗೆ ಎಷ್ಟು ಕೈಕಾಲು ಬಂದಿವೆಯೆಂದು ನಿನ್ನ ಕಾಗದದಿಂದಲೇ ಗೊತ್ತಾಯಿತು. ನಾನು ನಗುತ್ತ ಮೇಣದಬತ್ತಿ ಊದಿದೆನಂತೆ, ಶಿಲುಬೆಗೆ ಬೆನ್ನು ತಿರುಗಿಸಿದೆನಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ನೀನು ಆ ಕೋಣೆಯಲ್ಲೇ ಇದ್ದವಳು. ಆದರೆ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಸುತ್ತಿದ್ದೆ. ನಾನು ಕಣ್ಣು ತೆರೆದು ನೋಡಿದ್ದನ್ನು ಈಗ ಕೇಳು.

ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಸಂಜೆ, ನಾನು ತರಬೇತಿಗೆ ಹೋಗುವ ಆಂಬುಲೆನ್ಸಿನಲ್ಲಿ ನಾವು ಬಂದಾಗ ವಿನ್ಸೆಂಟಿ ಮಾಮನ ಮಂಚದ ಸುತ್ತ ಅರ್ಧ ಊರು ಮಂಡಿಯೂರಿ ಕುಳಿತಿತ್ತು. ಎಲ್ಲರ ನೆತ್ತಿಯ ಮೇಲೂ ಬೆಳಿಗ್ಗೆ ಚರ್ಚಿನಲ್ಲಿ ಉದುರಿಸಿದ ಬೂದಿ ಹಾಗೇ ಇತ್ತು. ಮಾಮನ ಮುಷ್ಟಿಯಲ್ಲಿ ಆ ದಪ್ಪ ಮೇಣದಬತ್ತಿ, ಫೆಬ್ರವರಿಯಲ್ಲಿ ಪಾದ್ರಿಗಳಿಂದ ಆಶೀರ್ವಾದ ಮಾಡಿಸಿ ಸಾಯುವವರ ಕೈಗೆ ಕೊಡಲೆಂದು ದೇವರ ಪಟದ ಹಿಂದೆ ಇಡುತ್ತೇವಲ್ಲ, ಅದು ಉರಿಯುತ್ತಿತ್ತು. ಅವನ ಬೆರಳುಗಳಿಗೆ ಹಿಡಿತವಿರಲಿಲ್ಲ, ನೀನೇ ಅವುಗಳನ್ನು ಸುತ್ತಿ ಹಿಡಿದಿದ್ದೆ. ಅವನ ಗಂಟಲು ಗೊರಗೊರ ಎನ್ನುತ್ತಿತ್ತು. ನೀವೆಲ್ಲ ಅದನ್ನು ಕೊನೆಯುಸಿರು ಅಂದುಕೊಂಡಿರಿ. ನನ್ನ ಕಣ್ಣಿಗೆ ಬಿದ್ದದ್ದು ಬೆವರು. ಕಿಟಕಿ ತೆರೆದಿಟ್ಟ ಆ ಚಳಿಯಲ್ಲಿ, ಆತ್ಮ ಹೊರಗೆ ಹೋಗಲೆಂದು ನೀವೇ ತೆರೆದಿದ್ದ ಕಿಟಕಿ ಅದು, ಮಾಮನ ಅಂಗಿ ನೀರಲ್ಲಿ ಅದ್ದಿದ ಹಾಗೆ ಒದ್ದೆಯಾಗಿತ್ತು.

‘ಮಾಮ ಇವತ್ತು ಏನ್ ತಿಂದ್ರು ಅತ್ತೆ?’ ಎಂದು ಕೇಳಿದೆ.

‘ಏನ್ ತಿಂತಾರೆ? ಉಪವಾಸ ಅಲ್ವಾ! ಐವತ್ತು ವರ್ಷದಿಂದ ಈ ದಿನ ಒಂದ್ ಚೂರು ರೊಟ್ಟಿ ಮುಟ್ಟಿದವರಲ್ಲ’ ಎಂದಳು ಬ್ರೋನ್ಯಾ ಅತ್ತೆ. ಆ ಅಳುವಿನಲ್ಲೂ ಅವಳಿಗೆ ಹೆಮ್ಮೆ.

‘ಸಕ್ಕರೆ ಕಾಯಿಲೆ ಇಂಜೆಕ್ಷನ್ನು?’

‘ಅದು ತಗೊಂಡ್ರು. ಅದೇನ್ ಊಟಾನಾ, ವ್ರತ ಕೆಡೋಕೆ?’

ನೋಡು, ಇದು ನಮ್ಮವರು ಮಾತ್ರ ಮಾಡುವ ತಪ್ಪು. ಅರವತ್ತು ದಾಟಿದವರಿಗೆ, ಕಾಯಿಲೆಯವರಿಗೆ ಉಪವಾಸ ಬೇಡ ಎಂದು ಚರ್ಚೇ ಹೇಳುತ್ತದೆ. ನಮ್ಮ ಗಂಡಸರಿಗೆ ಅದು ಅವಮಾನ. ದೇವರು ರಿಯಾಯಿತಿ ಕೊಟ್ಟರೂ ಇವರು ತೆಗೆದುಕೊಳ್ಳುವುದಿಲ್ಲ. ಖಾಲಿ ಹೊಟ್ಟೆಯ ಮೇಲೆ ಇನ್ಸುಲಿನ್ ಚುಚ್ಚಿಕೊಂಡು, ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದ್ದಾನೆ ಮಾಮ. ಬೆರಳು ಚುಚ್ಚಿ ನೋಡಿದರೆ ಯಂತ್ರಕ್ಕೆ ಅಂಕಿ ತೋರಿಸಲೂ ಆಗಲಿಲ್ಲ, ಅಷ್ಟು ಕಮ್ಮಿ.

ನಮ್ಮ ಗಾಡಿಯ ಹಿರಿಯ ಪ್ಯಾರಾಮೆಡಿಕ್ ಲೆಷೆಕ್ ಸರ್ ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು, ‘ಮೊದ್ಲು ಆ ಬೆಂಕಿ ತೆಗೀರಿ’ ಎಂದರು. ಯಾರೂ ಅಲುಗಲಿಲ್ಲ. ಆಕ್ಸಿಜನ್ ಪಕ್ಕದಲ್ಲಿ ಉರಿಯಿದ್ದರೆ ಹಾಸಿಗೆಗೇ ಹತ್ತಿಕೊಳ್ಳುತ್ತದೆ ಅಮ್ಮ. ಅಷ್ಟೇ ಅಲ್ಲ, ನನಗೆ ಸೂಜಿ ಹಾಕಲು ಸಿಕ್ಕುವಂಥ ನರ ಇದ್ದದ್ದು ಆ ಕೈಯಲ್ಲೇ. ನಾನು ನಿನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದೆ, ‘ಅಮ್ಮ, ತೆಗಿ.’ ನೀನು ಕಣ್ಣು ತೆರೆಯದೆ, ‘ಪ್ರಾರ್ಥನೆ ಮುಗೀಲಿ ಕಿಂಗಾ, ಆಮೇಲೆ ಮುಟ್ಟು’ ಎಂದೆ. ಸಂತರ ಹೆಸರುಗಳು ಇನ್ನೂ ಅರ್ಧ ಬಾಕಿ ಇದ್ದವು. ಆ ಸಂತರನ್ನೆಲ್ಲ ಕರೆದು ಮುಗಿಸುವಷ್ಟರಲ್ಲಿ ಮಾಮ ಅವರ ಜೊತೆಗೇ ಸೇರಿಕೊಳ್ಳುತ್ತಿದ್ದ.

ಅದಕ್ಕೇ ಊದಿದೆ. ನಗಲಿಲ್ಲ. ಕೂಡಲೇ ಮಾಮನ ತೋಳಿಗೆ ಪಟ್ಟಿ ಬಿಗಿದೆ. ಹಿಂದಿನಿಂದ ಯಾರೋ, ‘ಎರಡ್ ವರ್ಷ ಕಾಲೇಜಿಗೆ ಹೋಗಿ ದೇವರ ದೀಪ ಊದೋದು ಕಲ್ತ್ಕೊಂಡ್ ಬಂದವ್ಳೆ, ಗೆನೊವೆಫಾನ ಮಗಳು’ ಎಂದರು. ನಿನ್ನ ಹೆಸರು ಹಿಡಿದು ಅಂದದ್ದು ನನಗೆ ಚುಚ್ಚಿತು. ಆದರೂ ಮೊದಲ ಸಲಕ್ಕೇ ನರ ಸಿಕ್ಕಿತು, ಗ್ಲೂಕೋಸ್ ಹೋಯಿತು.

ಮುಂದೆ ನಡೆದದ್ದನ್ನು ಮಾತ್ರ ಊರಲ್ಲಿ ಯಾರೂ ಹೇಳುತ್ತಿಲ್ಲ, ಅಲ್ಲವೇ? ಮಾಮ ಕಣ್ಣು ಬಿಟ್ಟು, ಮಂಡಿಯೂರಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಟೋಪಿಗಾಗಿ ತಡಕಾಡುತ್ತ, ‘ಯಾರ್ ಹೋಗ್ಬಿಟ್ರು?’ ಎಂದು ಕೇಳಿದ. ಬ್ರೋನ್ಯಾ ಅತ್ತೆ ಅವನ ಎದೆಗೆ ಒಂದು ಗುದ್ದಿದಳು, ‘ನೀವೇ ಕಣ್ರೀ!’ ಲೆಷೆಕ್ ಸರ್ ಗೋಡೆಗೆ ಮುಖ ಮಾಡಿ ನಕ್ಕರು. ಸಕ್ಕರೆ ಹಾಕಿದ ಚಹಾ ಕೊಟ್ಟರೆ ಮಾಮ, ‘ಇವತ್ತು ಬುಧವಾರ’ ಎಂದು ತುಟಿ ಬಿಗಿದ. ಇಂಥವರ ಪ್ರಾಣ ಉಳಿಸುವುದಕ್ಕಿಂತ ಗೂಳಿಗೆ ಮೂಗುದಾರ ಹಾಕುವುದು ಸುಲಭ.

ಈಗ ಬ್ರೋನ್ಯಾ ಅತ್ತೆ, ಮೇಣದಬತ್ತಿಯಿಂದಲೇ ಗಂಡ ಉಳಿದ, ನಾನು ಆರಿಸಿದ್ದರಿಂದ ಮನೆಗೆ ಕೇಡು ಕಾದಿದೆ ಎನ್ನುತ್ತಿದ್ದಾಳಂತೆ. ಅನ್ನಲಿ. ಊರ ಬಾಯಿಗೆ ಬೀಗ ಹಾಕಲು ನನಗೆ ಪುರುಸೊತ್ತಿಲ್ಲ, ಮುಂದಿನ ವಾರ ಕಾಲೇಜಿನಲ್ಲಿ ಹೃದ್ರೋಗ ವಿಷಯದ ಪರೀಕ್ಷೆ ಇದೆ. ಆದರೆ ನೀನು ಹಾಗೆ ಅಂದುಕೊಳ್ಳಬೇಡ. ನಿನ್ನ ಪ್ರಾರ್ಥನೆಯನ್ನು ನಾನು ಹೀಯಾಳಿಸುವವಳಲ್ಲ. ಅಜ್ಜಿ ಹೋಗುವಾಗ ನೀನು ಹೇಳಿದ ಮಾತುಗಳನ್ನು ಕೇಳುತ್ತ ಅವಳ ಮುಖ ತಿಳಿಯಾದದ್ದನ್ನು ಕಂಡಿದ್ದೇನೆ. ಸಾಯುವವರಿಗೆ ನೀನು ಬೇಕು ಅಮ್ಮ. ಸಾಯದವರಿಗೆ ನಾನು ಬೇಕು. ಮಂಚದ ಹತ್ತಿರ ಇಬ್ಬರಿಗೂ ಜಾಗವಿದೆ, ಆದರೆ ಮೊದಲು ನನ್ನನ್ನು ಬಿಡಬೇಕು.

ಔಷಧಿ ಅಂಗಡಿಯ ಕೆಲಸ ಒಳ್ಳೆಯದೇ. ಬಿಳಿ ಕೋಟು, ಬೆಚ್ಚಗಿನ ಕೋಣೆ. ನನಗೆ ಬೇಕಿರುವುದು ಕೆಸರಿನ ಬೂಟು ಮತ್ತು ಆ ಕೆಂಪು ಜಾಕೆಟ್ಟು. ಮಾಮ ಕಣ್ಣು ಬಿಟ್ಟಾಗ ನನಗಾದ ಸಂತೋಷವನ್ನು ಯಾರ ಎದುರೂ ತಪ್ಪೆಂದು ಒಪ್ಪಿಕೊಳ್ಳಲಾರೆ, ನಿನ್ನೆದುರೂ ಸಹ.

ಈಸ್ಟರ್‌ಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊಸ್ತಿಲ ಹೊರಗೆ ಕುಳಿತು ಬುಟ್ಟಿಯಲ್ಲಿ ತಂದ ಹಬ್ಬದ ಮೊಟ್ಟೆ ಸುಲಿದು ತಿನ್ನುತ್ತೇನೆ, ದಾರಿಯಲ್ಲಿ ಹೋಗುವವರೆಲ್ಲ ನೋಡಲಿ.

ನಿನ್ನ ಹಟಮಾರಿ ಮಗಳು,
ಕಿಂಗಾ

ಮರೆತ ಮಾತು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಕರೆ ಮಾಡಿದವರ ನಂಬರು ನಮ್ಮ ಗಾಡಿಯ ಪರದೆಯ ಮೇಲೆ ಕಾಣಿಸುತ್ತದೆ ಅಮ್ಮ. ‘ಹೆಂಗಸು, ಹೆಸರು ಹೇಳಲಿಲ್ಲ, ಸೈರನ್ ಬೇಡವೆಂದು ಬೇಡಿಕೊಂಡಳು’ ಎಂದಿತ್ತು, ಕೆಳಗೆ ನಿನ್ನ ನಂಬರು. ನೆಮ್ಮದಿಯಿಂದ ಹೋಗಲಿ, ಯಾರನ್ನೂ ಕರೆಯಬೇಡಿ ಎಂದು ಬ್ರೋನ್ಯಾ ಅತ್ತೆ ಎಲ್ಲರ ಹತ್ತಿರವೂ ಮಾತು ತೆಗೆದುಕೊಂಡಿದ್ದಳೆಂದು, ಅವಳಿಂದಲೇ ಆಮೇಲೆ ಕೇಳಿ ತಿಳಿದ ಮಾಮ ಆಸ್ಪತ್ರೆಯಲ್ಲಿ ನನಗೆ ಹೇಳಿದ. ನೀನೂ ಮಾತು ಕೊಟ್ಟೆ, ಆಮೇಲೆ ಅಂಗಳಕ್ಕೆ ಹೋಗಿ ನಮಗೆ ಫೋನ್ ಮಾಡಿದೆ. ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಭಾನುವಾರ ಕ್ಷಮೆ ಕೇಳಲೇಬೇಕೆಂದರೆ ಇಬ್ಬರೂ ಜೊತೆಯಲ್ಲಿ ನಿಂತು ಕೇಳೋಣ. ಕರೆದವಳು ನೀನು, ನಾನು ಬಂದೆ ಅಷ್ಟೇ.