ರಾಜ ಹಾರಿದ್ದಕ್ಕೆ

ಹಿರೇಗುತ್ತಿ
೯ ನವೆಂಬರ್ ೨೦೨೫

ಗೆಳೆಯ ವಿನೋದನಿಗೆ ಮೋಹನನ ನಮಸ್ಕಾರ.

ಭಟ್ಕಳದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. "ನಾನು ಮಾಡಿದ ಚದುರಂಗ ಕಲಿಸುವ ಆ್ಯಪ್ ಹೇಗಿದೆ?" ಎಂದು ನೀನು ಮತ್ತೆ ಮತ್ತೆ ಮೆಸೇಜು ಹಾಕಿದರೂ ಉತ್ತರಿಸಲಿಲ್ಲ, ಕ್ಷಮಿಸು. ಫೋನಿನಲ್ಲಿ ಹೇಳಿದರೆ ಜಗಳವಾದೀತೆಂದು ಕಾಗದ ಹಿಡಿದಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಡುವವನು ನಾನಲ್ಲ. ನಿನ್ನ ಯಂತ್ರಕ್ಕೆ ಆಡಲು ಬರುತ್ತದೆ, ಕಲಿಸಲು ಬರುವುದಿಲ್ಲ.

ಮಗಳು ಚಂದನಾ ಮೊನ್ನೆ ಒಂಟೆ ಕಳೆದುಕೊಂಡಳು. "ದೊಡ್ಡ ತಪ್ಪು. ನಿಮ್ಮ ಸ್ಥಿತಿ ಮೂರು ಅಂಕ ಕುಸಿದಿದೆ" ಎಂದಿತು ನಿನ್ನ ಯಂತ್ರ-ಗುರು. "ಎಂತಕ್ಕೆ?" ಎಂದು ಕೇಳಿದರೆ ಹತ್ತಾರು ನಡೆಗಳ ಉದ್ದನೆಯ ಸಾಲು ಉದುರಿಸಿತು. ಮಾರಾಯಾ, ಒಂಬತ್ತು ವರ್ಷದ ಮಗುವಿಗೆ ಅದರಿಂದ ಎಂತ ತಿಳಿಯಬೇಕು? "ಅವರ ಮಂತ್ರಿ ಮೂಲೆಯಲ್ಲಿ ಹೊಂಚು ಹಾಕಿದ್ದು ಕಾಣಲಿಲ್ವನೆ?" ಎಂದಿದ್ದರೆ ಸಾಕಿತ್ತು. ಮೊದಲು ಗಲ್ಲಕ್ಕೆ ಕೈಕೊಟ್ಟು ಯೋಚಿಸುತ್ತಿದ್ದವಳು ಈಗ ಬೈಗುಳ ಬರುತ್ತದೋ ಇಲ್ಲವೋ ಎಂದು ಪರದೆ ನೋಡುತ್ತಾಳೆ. ನನ್ನ ಮಗಳು ಯೋಚಿಸುವುದನ್ನೇ ಬಿಡುತ್ತಾಳೇನೋ ಎಂದು ನನಗೆ ಹೆದರಿಕೆ.

ಇನ್ನೊಂದು ಕೇಳು. ಅವಳಿಗೆ ಆಟ ಕಲಿಸಿದ್ದು ನನ್ನ ಅಮ್ಮ. ಅಮ್ಮನದು ನಮ್ಮ ಜಗಲಿಯ ಹಳೆಯ ಕ್ರಮ: ಚೆಕ್ ಬೀಳುವ ಮೊದಲು ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಚಂದನಾ ರಾಜನನ್ನು ಹಾರಿಸಲು ಹೋದಳು. ಯಂತ್ರ ಬಿಡಲಿಲ್ಲ. "ಅಜ್ಜಿ ಹೇಳಿಕೊಟ್ಟದ್ದು" ಎಂದು ಪಾಪ, ಬರೆದೂ ನೋಡಿದಳು. ಬಂದ ಉತ್ತರ: "ನಿಮಗೆ ಕಲಿಸಿದವರಿಗೆ ನಿಯಮ ತಿಳಿದಿಲ್ಲ."

ಸಂಜೆ ಮನೆಗೆ ಬಂದು ಓದಿದಾಗ ಮೈಯೆಲ್ಲ ಉರಿಯಿತು. ಅವಳು ಆಡುವಾಗ ನಾನು ಕುಮಟೆಯಲ್ಲಿ ಕೆಲಸದಲ್ಲಿದ್ದೆ. ಎದುರಿಗಿದ್ದರೆ, "ಅಜ್ಜಿಯ ಆಟದಲ್ಲಿ ಅದು ಸರಿ ಮಗಾ, ಟೂರ್ನಮೆಂಟಿನ ಆಟದಲ್ಲಿ ರಾಜನಿಗೆ ಬೇರೆ ಉಪಾಯ ಇದೆ, ತೋರಿಸ್ತೆ ಬಾ" ಎನ್ನುತ್ತಿದ್ದೆ. ಮಗು ತಪ್ಪಿದರೆ ಯಾಕೆ ಹಾಗೆ ಆಡಿದೆ ಎಂದು ಮೊದಲು ಕೇಳುವುದನ್ನು ನಿನ್ನ ಯಂತ್ರಕ್ಕೆ ಕಲಿಸು. ಅಲ್ಲಿಯವರೆಗೆ ದಯವಿಟ್ಟು ಯಾವ ಶಾಲೆಗೂ ಅದನ್ನು ಕೊಡಬೇಡ.

ಸಿಟ್ಟಿನಲ್ಲಿ ಬರೆದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕೆಲಸ ಕೈಗೂಡಲಿ, ಮನೆಯವರೆಲ್ಲ ಚೆನ್ನಾಗಿರಲಿ.

ನಿನ್ನ
ಮೋಹನ

ತಾ.ಕ.: ಅಮ್ಮ ಆಟ ಬಿಟ್ಟಿದ್ದಾಳೆ. ಸಂಜೆ ಕಾಯಿ ಹೂಡಿ ಕರೆದರೆ ಚಂದನಾ, "ಅಜ್ಜೀ, ನಿಂಗೆ ಆಟನೇ ಬರೂದಿಲ್ಲ" ಎಂದು ಮುಖಕ್ಕೇ ಹೇಳಿದಳಂತೆ. ಅಮ್ಮ ಕಾಯಿ ತೆಗೆದಿಟ್ಟಳಂತೆ. ಆಮೇಲೆ ನನ್ನ ಹತ್ತಿರ ಮೆಲ್ಲಗೆ ಕೇಳಿದಳು: "ಅದು ನಮ್ಮ ವಿನೋದ ಮಾಡಿದ್ದಲ್ವನಾ? ಅವಂಗೂ ನಾನೇ ಅಲ್ವಾ ಕಲ್ಸಿದ್ದು?"