ನಮ್ಮ ಮನೆಗೂ ಒಂದು ದಂಡ

ಆಗಸ್ಟ್ ೧೯, ಬೆಳಿಗ್ಗೆ

ಮತ್ತೆ ರೊಟ್ಟಿ ಸೀದಿತು. ಓದುತ್ತ ಕುಳಿತಿದ್ದೆ, ಮರೆತೆ. ನಮ್ಮ ಮನೆಯಲ್ಲಿ ಬೈಗುಳ ನಮ್ಮ ಗುಡ್ಡಗಾಡಿನ ಕಬೈಲ್ ನುಡಿಯಲ್ಲಿ, ಪ್ರಾರ್ಥನೆ ಅರಬ್ಬಿಯಲ್ಲಿ, ಔಷಧಿಯ ಚೀಟಿ ಫ್ರೆಂಚಿನಲ್ಲಿ. ಸೀದ ರೊಟ್ಟಿಗೆ ಅಮ್ಮ ಮೂರನ್ನೂ ಬಳಸಿದಳು.

ತೀಜಿ ಊಝೂ ವಿಶ್ವವಿದ್ಯಾಲಯ, ಕಾನೂನು ವಿಭಾಗ. ಈ ವರ್ಷವೂ ಮೊದಲ ಸ್ಥಾನ ನನ್ನದೇ. ಊರಿಗೆಲ್ಲ ಗೊತ್ತು. ಆದರೂ ಊರಸಭೆ ಸೇರುವ ಕಟ್ಟೆಯಲ್ಲಿ ನಮ್ಮ ಮನೆಗೆ ಹೆಸರಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೂಗುವುದು ಹೀಗೆ: ‘ಅಕ್ಲಿಯ ಮನೆ, ಮತ್ತು ಅವನ ಅಣ್ಣನ ವಿಧವೆ.’ ಚಿಕ್ಕಪ್ಪ ಓಗೊಡುತ್ತಾನೆ. ಅಜ್ಜಿ, ಅಮ್ಮ, ನಾನು — ಮೂವರೂ ಆ ‘ಮತ್ತು’ವಿನ ಹಿಂದೆ.

ಊರಹಬ್ಬದ ಮಾಂಸವೂ ಹಾಗೆಯೇ. ಎಲ್ಲ ಮನೆಗೂ ಸಮಪಾಲು, ಬಡವ ಬಲ್ಲಿದ ಎಂಬ ಭೇದವಿಲ್ಲ. ಉಳಿದವರ ಪಾಲು ಹೆಸರು ಕೂಗಿದ ಮೇಲೆ ಕೈಗೆ. ನಮ್ಮದು ಚಿಕ್ಕಪ್ಪನ ಬೋಗುಣಿಯಲ್ಲಿ, ಬಟ್ಟೆ ಮುಚ್ಚಿಕೊಂಡು, ಬಾಗಿಲಿಗೆ. ತೂಕದಲ್ಲಿ ಮೋಸವಿಲ್ಲ. ನನ್ನ ತಕರಾರು ತೂಕದ್ದಲ್ಲ.

ಆಗಸ್ಟ್ ೨೧

ಊರ ಮುಖಂಡ, ಅಮೀನ್ ಲೂನಿಸ್, ಬುಗ್ಗೆಯ ಬಳಿ ಸಿಕ್ಕಿದರು. ನೇರವಾಗಿ ಕೇಳಿದೆ.

“ಅಮೀನ್ ಮಾವ, ಈ ಸಲದ ಹಬ್ಬಕ್ಕೆ ನಮ್ಮನೆ ಪರವಾಗಿ ನಾನೇ ಓಗೊಡ್ತೀನಿ.”

“ಕಾಲೇಜಲ್ಲಿ ಓಗೊಟ್ಟಿದ್ದು ಸಾಲ್ದಾ ಮಗಳೇ?”

“ಅಲ್ಲಿ ಮೊದಲ್ನೇ ಹೆಸರೇ ನಂದು. ಅಭ್ಯಾಸ ಆಗ್ಬಿಟ್ಟಿದೆ.”

ಕೊಡ ಹಿಡಿದು ನಿಂತ ಹೆಂಗಸರು ಕಿಸಕ್ಕೆಂದರು. ಅಮೀನ್ ಕೂಡ ನಕ್ಕರು. “ಅದು ಗಂಡಸರ ಕಟ್ಟೆ ಕಣಮ್ಮ. ಸಂಪ್ರದಾಯ.”

“ತಂದೆ ಆಸ್ತೀಲಿ ಮಗಳಿಗೂ ಪಾಲಿದೆ ಅಂತ ಕುರ್‌ಆನ್ ಹೇಳುತ್ತೆ. ನಮ್ಮೂರು ಒಂದು ಗೇಣು ನೆಲಾನೂ ಕೊಡಲ್ಲ. ಅದೂ ಸಂಪ್ರದಾಯಾನಾ?”

ನಗು ನಿಂತಿತು. “ದೇವರು ದೊಡ್ಡವನೇ. ಆದ್ರೆ ಬೆಳಗಾದ್ರೆ ನಾನು ಮುಖ ನೋಡ್ಬೇಕಾಗಿರೋದು ಈ ಊರೋರ್ದು” ಎಂದು ಕೋಲೂರಿ ಹೋದರು.

ಸುಳ್ಳು ಹೇಳಲಿಲ್ಲ, ಮೆಚ್ಚಿದೆ. ಸಭೆ ಶುರುವಾಗುವುದು ಪ್ರಾರ್ಥನೆಯಿಂದ, ಮುಗಿಯುವುದು ಪದ್ಧತಿಯಿಂದ. ಆ ಪದ್ಧತಿ ನನಗೆ ಬೇಡವೆಂದಲ್ಲ. ಇಲ್ಲಿ ಯಾರೂ ಉಪವಾಸ ಮಲಗುವುದಿಲ್ಲ. ಯಾರ ಹೆಣವೂ ಅನಾಥವಾಗುವುದಿಲ್ಲ. ಅದನ್ನು ಒಡೆಯಲಾರೆ. ಒಳಗೆ ಬರಬೇಕು, ಅಷ್ಟೆ.

ಆಗಸ್ಟ್ ೨೪

ಡಂಗುರ ಕೇಳಿತು. ಸೆಪ್ಟೆಂಬರ್ ಐದರವರೆಗೆ ಅಂಜೂರಕ್ಕೆ ತಡೆ, ಹಣ್ಣು ಬಲಿಯಬೇಕು. ಸ್ವಂತ ಮರದ್ದಾದರೂ ಕಿತ್ತವರ ಹೆಸರನ್ನು ಕಟ್ಟೆಯಲ್ಲಿ ಕೂಗಿ ದಂಡ.

ಹೆಸರನ್ನು ಕೂಗಿ! ಓದುತ್ತಿದ್ದ ಪುಸ್ತಕ ಮುಚ್ಚಿದೆ.

ಒಂದೇ ತೊಡಕು. ಮೇಕೆ ನುಗ್ಗಿ ಮೇಯ್ದರೆ ದಂಡ ಮೇಕೆಗಲ್ಲ, ಯಜಮಾನನಿಗೆ. ನಾನು ಕಿತ್ತು ಚಿಕ್ಕಪ್ಪ ಕಟ್ಟಿದರೆ — ನಾನು ಮೇಕೆ.

ಆಗಸ್ಟ್ ೨೬, ಸಂಜೆ

ತಿಂದೆ. ಕಟ್ಟೆಯ ಎದುರು, ಎಲ್ಲರ ಕಣ್ಣ ಮುಂದೆ. ಸರಿಯಾಗಿ ಹಣ್ಣೂ ಆಗಿರಲಿಲ್ಲ. ಕಾಯಿಯ ಹಾಲು ತಾಗಿ ತುಟಿ ಉರಿಯುತ್ತಿದೆ.

“ಏ ಹುಡುಗೀ! ಏನೇ ಅದು ಬಾಯಲ್ಲಿ?” ಕಟ್ಟೆಯಿಂದ ಒಬ್ಬರು ಕೂಗಿದರು.

“ಅಂಜೂರ. ನಮ್ಮ ಮರದ್ದು, ಕಿತ್ತಿದ್ದು ನಾನೇ. ಅಮೆಝಿಯಾನ್ ಮಗಳು ಫೆರ್ರೂಜಾ. ಬರ್ಕೊಳ್ಳಿ.”

ಮನೆಗೆ ಬರುವಷ್ಟರಲ್ಲಿ ಚಿಕ್ಕಪ್ಪ ಅಕ್ಲಿ ಹಾಜರು.

“ದಂಡ ನಾನು ಕಟ್ತೀನಿ. ನೀನು ತೆಪ್ಪಗಿರು.”

“ಕಟ್ಬೇಡಿ ಚಿಕ್ಕಪ್ಪ.”

“ನಿನ್ನ ಮಾನ ಉಳಿಸೋಕೆ ಬಂದ್ರೆ…”

“ಮೇಕೆಗೆಲ್ಲಿಯ ಮಾನ?”

ಅವನಿಗೆ ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು. “ದಂಡ ಬಾಕಿ ಉಳಿದ್ರೆ ಊರಿಂದ ಹೊರಗಿಡ್ತಾರೆ ಕಣೇ. ಯಾರೂ ಮಾತಾಡ್ಸಲ್ಲ, ಹೊಸಿಲು ತುಳಿಯಲ್ಲ. ಒಳಗೆ ನಿಮ್ಮಜ್ಜಿ ಹಾಸಿಗೆ ಹಿಡಿದು ಮಲಗಿದಾರೆ. ನಾಳೆ ಅವರನ್ನ ಹೊರೋರು ಯಾರು? ನಾನೂ ನೀನಾ?”

ಒಳಗೆ ಹೋಗಿ ಅಜ್ಜಿಯ ಹೊದಿಕೆ ಸರಿಮಾಡಿದೆ.

ಸೆಪ್ಟೆಂಬರ್ ೮

ತಡೆ ಮುಗಿದಿದೆ. ಊರೆಲ್ಲ ಮರದ ಮೇಲೆ. ನನ್ನ ವಿದ್ಯಾರ್ಥಿವೇತನದಲ್ಲಿ ದಂಡ ಕಟ್ಟಲು ಹೋದೆ, ಅಮೀನ್ ಮುಟ್ಟಲಿಲ್ಲ. ಗಂಡಸಿನ ಕೈಯಿಂದ ಬರಬೇಕಂತೆ. ಚಿಕ್ಕಪ್ಪ ಕಟ್ಟಲು ನಾನು ಬಿಡುವುದಿಲ್ಲ. ಶುಕ್ರವಾರದ ಸಭೆಯೇ ಕೊನೆಯ ಗಡುವು.

ಬುಗ್ಗೆಯಲ್ಲಿ ನಾನು ಹೋದೊಡನೆ ಮಾತು ನಿಂತಿತು. ಎಲ್ಲರಿಗೂ ಗಟ್ಟಿಯಾಗಿ ಸಲಾಂ ಹೇಳಿದೆ. ಕೊಡ ತುಂಬುವ ಸದ್ದಷ್ಟೇ.

ಅಮ್ಮ ಮತ್ತೆ ಹೆಣದ ಮಾತೆತ್ತಿದಳು. ಹಾಸಿಗೆಯಿಂದ ಅಜ್ಜಿಯ ದನಿ: “ನನ್ನ ಹೆಣ ತೋರ್ಸಿ ಹುಡುಗೀನ ಹೆದರಿಸ್ಬೇಡ್ವೇ. ನಾನಿನ್ನೂ ಸತ್ತಿಲ್ಲ. ಎರಡು ಅಂಜೂರ ತಾ. ಹೋಗಿ ಅಕ್ಲೀನ ಕರಿ.”

ಚಿಕ್ಕಪ್ಪ ಬಂದು ತಾಯಿಯ ಕಾಲ ಬಳಿ ಕುಳಿತ. ಅಜ್ಜಿ ಹಣ್ಣು ಚೀಪುತ್ತಲೇ ಹೇಳಿದಳು:

“ಶುಕ್ರವಾರ ಕಟ್ಟೇಲಿ ನಿಂತು, ಈ ಹುಡುಗಿ ನನ್ನ ಮನೆಯೋಳಲ್ಲ ಅನ್ನು.”

“ಅವ್ವಾ! ಅಣ್ಣನ ಮಗಳನ್ನ ಬೀದಿಗೆ ಬಿಟ್ಟ ಅಂತ ಊರು ನನ್ನ ಮುಖಕ್ಕೆ ಉಗಿಯುತ್ತೆ.”

“ಉಗೀಲಿ, ಒರೆಸ್ಕೋ. ನೀನು ಬಾಗಿಲಿಗೆ ಅಡ್ಡ ನಿಂತಿರೋವರೆಗೂ ಇವಳು ಕಾಣಲ್ಲ ಕಣೋ.”

ಅವನು ಎದ್ದುಹೋದ. ಚಪ್ಪಲಿ ಮರೆತು.

ಸೆಪ್ಟೆಂಬರ್ ೧೨, ಶುಕ್ರವಾರ

ಕಟ್ಟೆಯ ಗೋಡೆಯ ಹೊರಗೆ ನಿಂತಿದ್ದೆ. ಪ್ರಾರ್ಥನೆ ಮುಗಿಯಿತು. ದಂಡದ ಬಾಬತ್ತು ಬಂತು. ಚಿಕ್ಕಪ್ಪ ಎದ್ದ.

“ಆ ಮನೆ ಬೇರೆ, ನನ್ನ ಮನೆ ಬೇರೆ. ಆ ಹುಡುಗಿ ದಂಡ ನಂದಲ್ಲ.”

“ಥೂ, ಸತ್ತ ಅಣ್ಣನ ಮಗಳು ಕಣೋ!” ಯಾರೋ ಅಂದರು. ಅವನು ತಲೆ ತಗ್ಗಿಸಿ ಕುಳಿತ. ಇಂದು ಸೋತಂತೆ ಕಂಡವನು ಅವನೊಬ್ಬನೇ. ನನಗಾಗಿ.

ಅಮೀನ್ ಗಡ್ಡ ನೀವಿಕೊಂಡರು. ದಂಡ ಬಿಟ್ಟರೆ ಮುಂದಿನ ವರ್ಷ ಊರೆಲ್ಲ ಎಳೆಹಣ್ಣು ಕೀಳುತ್ತದೆ. ಹಾಕಬೇಕೆಂದರೆ ಹೆಸರು ಕೂಗಲು ಒಂದು ಮನೆ ಬೇಕು. ಕೊನೆಗೆ ಗೋಡೆಯತ್ತ ತಿರುಗಿ ಕೂಗಿದರು:

“ಅಮೆಝಿಯಾನ್ ಮನೆ! ಮಗಳು ಫೆರ್ರೂಜಾ!”

“ಇದ್ದೀನಿ!”

ಒಳಗೆ ನಡೆದೆ. ಕಟ್ಟಿದೆ.

“ದಂಡ ಕಟ್ಟೋಕೆ ಹಲ್ಲು ಕಿರ್ಕೊಂಡು ಬಂದೋರ್ನ ಇವತ್ತೇ ನೋಡಿದ್ದು” ಎಂದರು ಯಾರೋ ಮೂಲೆಯಿಂದ. ಅಮೀನ್ ಮಾತ್ರ ನಗಲಿಲ್ಲ. “ಹೆಸರು ಸೇರ್ತಮ್ಮ. ಇನ್ಮೇಲೆ ಎಲ್ಲದಕ್ಕೂ ಕೂಗ್ತೀವಿ.”

ಕೂಗಲಿ.

ಅಕ್ಟೋಬರ್ ೧೦

ಹಬ್ಬ. ಹಸಿ ಸೊಪ್ಪಿನ ಮೇಲೆ ಸಾಲಾಗಿ ಮಾಂಸದ ಗುಡ್ಡೆಗಳು. ನಮ್ಮ ಮನೆಯ ಹೆಸರು ಕೂಗಿದರು, ಓಗೊಟ್ಟೆ. ಬೋಗುಣಿಗೆ ಬಟ್ಟೆ ಮುಚ್ಚದೆ ದೊಡ್ಡ ಬೀದಿಯಲ್ಲೇ ಬಂದೆ. ಚಿಕ್ಕಪ್ಪ ಪಕ್ಕದಲ್ಲಿ, ತಿಂಗಳಿಂದ ಮಾತಿಲ್ಲ. ತಿರುವಿನಲ್ಲಿ ಇಣುಕಿ ನೋಡಿದ.

“ನಿಂದ್ರಲ್ಲಿ ಮೂಳೆ ಜಾಸ್ತಿ ಬಂದಿದೆ.”

“ದಂಡ ಕಟ್ಟಿದ ಮನೆ ಚಿಕ್ಕಪ್ಪ, ರುಚಿ ಜಾಸ್ತಿ.”

ನಕ್ಕ. ಮರೆತುಹೋದ ಚಪ್ಪಲಿ ಕೇಳಿದ.

ಅಕ್ಟೋಬರ್ ೧೭, ಬೆಳಿಗ್ಗೆ

ಕಾಲೇಜಿಗೆ ರಜೆ. ಬೆಚ್ಚಗೆ ಓದುವ ಯೋಚನೆ. ರಾತ್ರಿಯ ಮಳೆಗೆ ಸ್ಮಶಾನದ ದಾರಿ ಕುಸಿದಿದೆಯಂತೆ. ಮನೆಗೊಬ್ಬರು, ಗುದ್ದಲಿ ಸಮೇತ.

ಅಮ್ಮ ಹಿಟ್ಟು ನಾದುತ್ತ ಈಗಷ್ಟೇ ಹೇಳಿದಳು: ಇಂಥ ಕೆಲಸಕ್ಕೆ ಚಿಕ್ಕಪ್ಪ ಇಷ್ಟು ವರ್ಷವೂ ಎರಡು ದಿನ ಹೋಗುತ್ತಿದ್ದನಂತೆ. ಒಂದು ದಿನ ತನ್ನ ಮನೆಯ ಲೆಕ್ಕಕ್ಕೆ, ಒಂದು ದಿನ ನಮ್ಮ ಮನೆಯ ಲೆಕ್ಕಕ್ಕೆ. ನನಗೆ ಗೊತ್ತೇ ಇರಲಿಲ್ಲ.

ಅಜ್ಜಿ ಒಳಗಿಂದ: “ಚೆನ್ನಾಗಿ ಮಟ್ಟ ಮಾಡೇ ಫೆರ್ರೂಜಾ. ನನ್ನ ಕುಲುಕಾಡಿಸ್ಕೊಂಡು ಒಯ್ದೀರ!”

ಬೀದಿಯಲ್ಲಿ ಹೆಸರು ಕೂಗುತ್ತಿದ್ದಾರೆ. ಅಕ್ಲಿಯ ಮನೆ ಆಯಿತು. ಈಗ ನಮ್ಮದು. ಅಪ್ಪನ ಗುದ್ದಲಿ ಅಟ್ಟದ ಮೇಲೋ, ಕೊಟ್ಟಿಗೆಯ —